ಬರದ ಕೊಂಬನ್ನು ಯಾರೂ ಮನೆಗೆ ತರಲಿಲ್ಲ

ಗುಂಡ್ಲುಪೇಟೆ ಕಡೆಯ ನಮ್ಮೂರಿನ ಮನೆಯಲ್ಲಿ, ನಡುಮನೆಯ ಬಾಗಿಲ ಪಕ್ಕ ಒಂದು ದಪ್ಪ ಮೊಳೆ ಇದೆ. ಈಗ ಅದಕ್ಕೆ ಕ್ಯಾಲೆಂಡರ್ ತೂಗುಹಾಕಿದ್ದಾರೆ. ನಾನು ಚಿಕ್ಕವಳಿದ್ದಾಗ ಅಲ್ಲಿ ಒಂಟಿ ಕಡವೆ ಕೊಂಬೊಂದಿತ್ತು. ಮೂರು ಕವಲಿನ ಆ ಕೊಂಬಿಗೆ ತಾತ ಟವೆಲ್ಲು, ಅಂಗಿ, ಕೊಡೆ ಎಲ್ಲವನ್ನೂ ನೇತುಹಾಕುತ್ತಿದ್ದರು. ಅದನ್ನು ಅವರು ಬೇಟೆಯಾಡಿ ತಂದದ್ದಲ್ಲ. ಹುಡುಗರಾಗಿದ್ದಾಗ ದನ ಮೇಯಿಸಲು ಹೋದವರು ಕಾಡಂಚಿನಲ್ಲಿ ಬಿದ್ದಿದ್ದದ್ದನ್ನು ಎತ್ತಿಕೊಂಡು ಬಂದದ್ದು. ಅಷ್ಟು ದೊಡ್ಡ ಕೊಂಬು ಹೇಗೆ ಬಂತು ಎಂದು ಕೇಳಿದರೆ ಅವರದು ಒಂದೇ ಉತ್ತರ: ‘ಇದು ಮಳ ಬಂದ ವರ್ಸದ್ದು ಕನಾ ಕೂಸೇ. ಬರದ ಕೊಂಬ ಯಾರು ಮನಗ ತಂದರು?’

2003ರಲ್ಲಿ ಕೇಂದ್ರ ಸರ್ಕಾರ ಒಂದು ನಿಯಮ ತಂದು, ಮನೆಯಲ್ಲಿರುವ ವನ್ಯಜೀವಿ ವಸ್ತುಗಳನ್ನು ಘೋಷಿಸಿಕೊಳ್ಳಲು 180 ದಿನಗಳ ಅವಕಾಶ ಕೊಟ್ಟಿತು. ಘೋಷಿಸಿಕೊಳ್ಳಿ ಎಂದಷ್ಟೇ ಇತ್ತು, ತಾತ ಒಪ್ಪಿಸಿಯೇ ಬಿಟ್ಟರು. ಕೊಂಬನ್ನು ಗೋಣಿಚೀಲದಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಅರಣ್ಯ ಇಲಾಖೆಯವರ ಕಚೇರಿಗೆ ಹೋದದ್ದು ನನಗೆ ನೆನಪಿದೆ. ಗೋಡೆಯಲ್ಲಿ ಮೊಳೆಯೊಂದು ಉಳಿಯಿತು.

ಇಪ್ಪತ್ತು ವರ್ಷಗಳ ನಂತರ, 2023ರ ಅಕ್ಟೋಬರಿನಲ್ಲಿ, ಹುಲಿಯುಗುರಿನ ಪ್ರಕರಣವೊಂದು ರಾಜ್ಯವಿಡೀ ಸುದ್ದಿಯಾಯಿತು. ಅಮ್ಮ ಫೋನ್ ಮಾಡಿ, ‘ಸದ್ಯ, ನಿಮ್ಮ ತಾತ ಅವತ್ತೇ ಕೊಟ್ಟು ಬಂದರಲ್ಲ’ ಎಂದು ನಿಟ್ಟುಸಿರುಬಿಟ್ಟರು. ಅದೇ ದಿನಗಳ ಪತ್ರಿಕೆಗಳಲ್ಲಿ ಇನ್ನೊಂದು ಸುದ್ದಿಯೂ ಇತ್ತು: ಮುಂಗಾರು ಕೈಕೊಟ್ಟಿತ್ತು, ಬರಪೀಡಿತ ತಾಲ್ಲೂಕುಗಳ ಪಟ್ಟಿ ಬೆಳೆಯುತ್ತಲೇ ಇತ್ತು. ಕೊನೆಗೆ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಆ ಪಟ್ಟಿಗೆ ಸೇರಿದವು. ಹತ್ತೊಂಬತ್ತನೆಯ ಶತಮಾನದ ಹಳೆ ಮೈಸೂರಿನ ಬರಗಳ ಬಗ್ಗೆ ಪಿಎಚ್‌ಡಿ ಮಾಡುತ್ತಿರುವ ನನಗೆ ತಾತನ ಮಾತು ಮತ್ತೆ ನೆನಪಾದದ್ದು ಆಗ. ಅಲ್ಲಿಯವರೆಗೆ ಅದೊಂದು ಗಾದೆಯಂಥ ಮಾತು ಎಂದುಕೊಂಡಿದ್ದೆ. ಬೇಟೆಯ ಪುಸ್ತಕಗಳನ್ನೂ ಶಿಕಾರಿಯ ಕಾನೂನುಗಳನ್ನೂ ಓದುತ್ತಾ ಹೋದಂತೆ, ಅದು ದಾಖಲೆಗಳ ಸ್ವಭಾವದ ಬಗ್ಗೆಯೇ ಆಡಿದ ಮಾತು ಎನ್ನಿಸತೊಡಗಿತು.

ಮೊದಲು ಕೊಂಬಿನ ವಿಷಯ. ಕನ್ನಡದಲ್ಲಿ ಹಸುವಿನದೂ ಕೊಂಬು, ಕಡವೆಯದೂ ಕೊಂಬು. ನಿಜದಲ್ಲಿ ಇವೆರಡೂ ಬೇರೆ ಬೇರೆ ವಸ್ತುಗಳು. ಹಸು, ಎಮ್ಮೆ, ಕಾಟಿ, ಕೃಷ್ಣಮೃಗಗಳ ಕೊಂಬು ಒಳಗೆ ಮೂಳೆ, ಹೊರಗೆ ನಮ್ಮ ಉಗುರಿನಂಥದೇ ವಸ್ತುವಿನ ಕವಚ. ಅದು ಒಮ್ಮೆ ಹುಟ್ಟಿದರೆ ಸಾಯುವವರೆಗೆ ಇರುತ್ತದೆ. ಕಡವೆ, ಚುಕ್ಕೆ ಜಿಂಕೆಗಳ ಕವಲುಕೊಂಬು ಹಾಗಲ್ಲ. ಅದು ಪೂರ್ತಿ ಮೂಳೆ, ಗಂಡಿಗೆ ಮಾತ್ರ ಬರುತ್ತದೆ, ಪ್ರತಿ ಸುತ್ತಿನಲ್ಲೂ ಉದುರಿ ಮತ್ತೆ ಹೊಸದಾಗಿ ಬೆಳೆಯುತ್ತದೆ. ಬೆಳೆಯುವಾಗ ಮೇಲೆ ಮಖಮಲ್ಲಿನಂಥ ಮೃದು ಚರ್ಮ, ಅದರ ತುಂಬ ರಕ್ತನಾಳ, ನರಗಳು. ಸಸ್ತನಿಗಳ ದೇಹದಲ್ಲಿ ಇಷ್ಟು ವೇಗವಾಗಿ ಬೆಳೆಯುವ ಮೂಳೆ ಇನ್ನೊಂದಿಲ್ಲ. ಬೆಳವಣಿಗೆ ಮುಗಿದ ಮೇಲೆ ಚರ್ಮ ಒಣಗುತ್ತದೆ, ಪ್ರಾಣಿ ಅದನ್ನು ಮರಕ್ಕೆ ಉಜ್ಜಿ ಸುಲಿದುಹಾಕುತ್ತದೆ, ಒಳಗಿನ ಗಟ್ಟಿ ಕೊಂಬು ಹೊರಬರುತ್ತದೆ. ಬೆದೆಯ ಕಾಲದಲ್ಲಿ ಕಾದಾಟ, ಮೆರೆದಾಟ ಎಲ್ಲ ಮುಗಿದ ಮೇಲೆ ಅದು ಬುಡದಿಂದ ಕಳಚಿ ಬೀಳುತ್ತದೆ. ಬುಡ ಗುಂಡಗೆ, ಒರಟಾಗಿ ಮುಗಿದಿದ್ದರೆ ತಾನಾಗಿ ಉದುರಿದ ಕೊಂಬು. ತಲೆಬುರುಡೆಯ ಚೂರು ಅಂಟಿಕೊಂಡಿದ್ದರೆ ಕಡಿದು ತೆಗೆದದ್ದು. ತಾತನ ಕೊಂಬಿನ ಬುಡ ಗುಂಡಗಿತ್ತು.

ಇಷ್ಟು ಮೂಳೆಯನ್ನು ಕೆಲವೇ ತಿಂಗಳಲ್ಲಿ ಕಟ್ಟಲು ಸುಣ್ಣ, ರಂಜಕ, ಪ್ರೋಟೀನು ಬೇಕು. ದಿನದ ಮೇವಿನಿಂದ ಬರುವುದು ಸಾಲದಾದಾಗ ಪ್ರಾಣಿಯ ದೇಹ ತನ್ನದೇ ಪಕ್ಕೆಲುಬಿನಂಥ ಮೂಳೆಗಳಿಂದ ಖನಿಜವನ್ನು ಕಡ ತರುತ್ತದೆ, ಆಮೇಲೆ ಮೇವಿನಿಂದ ತೀರಿಸುತ್ತದೆ. ಮಳೆ ಚೆನ್ನಾಗಿ ಬಿದ್ದು ಎಳೆ ಹುಲ್ಲು, ಚಿಗುರು ಸಿಕ್ಕಿದ ವರ್ಷ ಈ ವ್ಯವಹಾರ ಸಲೀಸು. ಬರ ಬಂದರೆ ದೇಹಕ್ಕೆ ಮೊದಲು ಜೀವ, ಆಮೇಲೆ ಕೊಂಬು. ಸಾಲ ತೀರಿಸಲಾಗದ ರೈತ ಮದುವೆಯ ಖರ್ಚನ್ನು ಕಡಿಮೆ ಮಾಡುವಂತೆ ಅದು ಕೊಂಬಿನ ಖರ್ಚನ್ನು ಕಡಿಮೆ ಮಾಡುತ್ತದೆ. ಉದ್ದ ತಗ್ಗುತ್ತದೆ, ದಪ್ಪ ತಗ್ಗುತ್ತದೆ, ಕೆಲವೊಮ್ಮೆ ಕವಲು ಮೊಂಡಾಗುತ್ತದೆ. ಅಮೆರಿಕದ ಟೆಕ್ಸಾಸಿನಲ್ಲಿರುವ ಕೆರ್ ವನ್ಯಜೀವಿ ಕೇಂದ್ರದಲ್ಲಿ 1970ರ ದಶಕದಿಂದ ಬಿಳಿಬಾಲದ ಜಿಂಕೆಗಳ ಮೇಲೆ ನಡೆದ ಪ್ರಯೋಗಗಳು ಇದನ್ನೇ ತೋರಿಸಿದವು. ಶೇಕಡಾ 16ರಷ್ಟು ಪ್ರೋಟೀನಿನ ಆಹಾರ ತಿಂದ ಗಂಡುಗಳಿಗಿಂತ ಶೇಕಡಾ 8ರದ್ದನ್ನು ತಿಂದವುಗಳ ಕೊಂಬು ಚಿಕ್ಕದಾಗಿತ್ತು. ಶೇಕಡಾ 8 ಎಂದರೆ ಹೆಚ್ಚುಕಡಿಮೆ ಒಣಹುಲ್ಲಿನ ಕಾಲದ ಊಟ. ಬರದ ವರ್ಷ ಹುಟ್ಟಿದ ಗಂಡುಮರಿ ದೊಡ್ಡದಾದ ಮೇಲೂ ಕೊಂಬಿನಲ್ಲಿ ಆ ಕೊರತೆಯನ್ನು ಹೊತ್ತು ನಡೆಯಬಹುದು.

ಆದರೆ ಕೊಂಬು ಮರದ ಉಂಗುರದಂತಲ್ಲ. ಮರ ಹಳೆಯ ವರ್ಷಗಳನ್ನೆಲ್ಲ ಒಳಗಿಟ್ಟುಕೊಳ್ಳುತ್ತದೆ, ಕಡವೆ ಪ್ರತಿ ಸಲವೂ ಕಳೆದುಕೊಳ್ಳುತ್ತದೆ. ಏಳೆಂಟು ವರ್ಷದ ಗಂಡಿನ ತಲೆಯ ಮೇಲಿರುವುದು ತೀರಾ ಇತ್ತೀಚಿನ ಒಂದು ಬೆಳೆಯ ಲೆಕ್ಕ ಮಾತ್ರ. ಕೊಂಬು ಚಿಕ್ಕದೆಂದ ಮಾತ್ರಕ್ಕೆ ಅದು ಬರದ್ದೂ ಅಲ್ಲ, ಪ್ರಾಣಿಯ ವಯಸ್ಸು ಚಿಕ್ಕದಿರಬಹುದು, ಅಥವಾ ತೀರಾ ಮುದಿಯಾಗಿರಬಹುದು. ಒಂದೊಂದೇ ಕೊಂಬು ಏನನ್ನೂ ಖಚಿತವಾಗಿ ಹೇಳದು. ಒಂದು ಪ್ರದೇಶದ ನೂರಾರು ಕೊಂಬುಗಳು, ಎಲ್ಲ ವಯಸ್ಸಿನವು, ಯಾವ ವರ್ಷದ್ದೆಂಬ ಗುರುತಿನ ಸಮೇತ ಸಿಕ್ಕಿದರೆ ಮಾತ್ರ ಅವು ಮಳೆಯ ಬಗ್ಗೆ ಮಾತಾಡಬಲ್ಲವು. ಅಂಥ ರಾಶಿಯನ್ನು ಕೂಡಿಹಾಕಿದವರು ಇತಿಹಾಸದಲ್ಲಿ ಒಬ್ಬರೇ: ಬೇಟೆಗಾರರು. ನನ್ನ ಆಸೆ ಹುಟ್ಟಿದ್ದೂ ಅಲ್ಲೇ, ಮುರಿದುಬಿದ್ದದ್ದೂ ಅಲ್ಲೇ.

ನಮ್ಮ ಕಡೆಯ ಕಡವೆಯ ವರ್ಷ ಸ್ಥೂಲವಾಗಿ ಹೀಗಿದೆ. ಬೇಸಿಗೆಯಲ್ಲಿ ಬಹುಪಾಲು ಗಂಡುಗಳು ಕೊಂಬು ಉದುರಿಸುತ್ತವೆ. ಮಳೆಗಾಲವಿಡೀ ಹೊಸ ಕೊಂಬು ಎಳೆಯದಾಗಿ ಬೆಳೆಯುತ್ತದೆ, ಚಳಿಗಾಲದ ಹೊತ್ತಿಗೆ ಗಟ್ಟಿಯಾಗಿ ಬೆದೆಗೆ ಸಿದ್ಧವಾಗುತ್ತದೆ. ಚುಕ್ಕೆ ಜಿಂಕೆಯಲ್ಲಿ ಈ ಶಿಸ್ತು ಸಡಿಲ, ಯಾವ ತಿಂಗಳಲ್ಲಿ ನೋಡಿದರೂ ಒಂದಿಷ್ಟು ಗಂಡುಗಳ ಕೊಂಬು ಎಳೆಯದು, ಒಂದಿಷ್ಟರದು ಗಟ್ಟಿ. ಶೀತದೇಶಗಳ ಜಿಂಕೆಗಳಿಗೆ ಹಗಲಿನ ಉದ್ದವೇ ಗಡಿಯಾರ. ಹಾಗಾಗಿ ಅಲ್ಲಿ ಬರ ಬಂದರೆ ಕೊಂಬು ಚಿಕ್ಕದಾಗುತ್ತದೆಯೇ ಹೊರತು ದಿನಾಂಕ ಹೆಚ್ಚು ಕದಲುವುದಿಲ್ಲ. ಅಂಥ ದೇಶದಿಂದ ಬಂದವರಿಗೆ ಬೇಟೆಗೊಂದು ‘ಸೀಸನ್’ ಎನ್ನುವುದು ಸಹಜವಾಗಿತ್ತು. ಕೊಂಬು ಗಟ್ಟಿಯಾದಾಗ ಹೊಡೆ, ಮರಿ ಹಾಕುವಾಗ ಬಿಡು.

ಕ್ಯಾಲೆಂಡರಿನಿಂದ ಪ್ರಾಣಿಗಳನ್ನು ಕಾಯುವ ಯೋಚನೆ ಈ ನೆಲಕ್ಕೆ ಹೊಸದೇನಲ್ಲ. ಅಶೋಕನ ಐದನೆಯ ಸ್ತಂಭಶಾಸನದಲ್ಲಿ ಕೊಲ್ಲಬಾರದ ಪ್ರಾಣಿಗಳ ಪಟ್ಟಿಯಿದೆ, ಕೊಲ್ಲಬಾರದ ದಿನಗಳ ಪಟ್ಟಿಯೂ ಇದೆ. ಆದರೆ ಪರವಾನಗಿ, ದಂಡ, ‘ಮುಚ್ಚಿದ ಋತು’ ಇವೆಲ್ಲ ಸೇರಿದ ಆಧುನಿಕ ಬೇಟೆ ಕಾನೂನು ದಕ್ಷಿಣ ಭಾರತಕ್ಕೆ ಬಂದ ವರ್ಷವನ್ನು ಸ್ವಲ್ಪ ಗಮನಿಸಬೇಕು. ನೀಲಗಿರಿಯಲ್ಲಿ ಬೇಟೆಯ ಪ್ರಾಣಿಗಳನ್ನು ಉಳಿಸಿಕೊಳ್ಳಲು ಯೂರೋಪಿಯನ್ನರು ನೀಲಗಿರಿ ಗೇಮ್ ಅಸೋಸಿಯೇಷನ್ ಕಟ್ಟಿದ್ದು 1877ರಲ್ಲಿ. ಅದರ ಬೆನ್ನಿಗೇ 1879ರಲ್ಲಿ ಮದ್ರಾಸ್ ಸರ್ಕಾರ ಆ ಜಿಲ್ಲೆಯ ಬೇಟೆಪ್ರಾಣಿಗಳನ್ನೂ ಹೊರಗಿನಿಂದ ತಂದುಬಿಟ್ಟ ಮೀನುಗಳನ್ನೂ ರಕ್ಷಿಸುವ ಕಾಯ್ದೆ ಮಾಡಿತು. ಮೈಸೂರು ಸಂಸ್ಥಾನದಲ್ಲಿ ಬೇಟೆ ಮತ್ತು ಮೀನು ರಕ್ಷಣೆಯ ರೆಗ್ಯುಲೇಷನ್ ಬಂದದ್ದು 1901ರಲ್ಲಿ.

1877 ಎಂದರೆ ಏನು? ಬೆಟ್ಟದ ಕೆಳಗೆ ಅದು ಈಶ್ವರ ಸಂವತ್ಸರ. ಹಿಂದಿನ ವರ್ಷ ಧಾತು. ನಮ್ಮ ಕಡೆ ಇವತ್ತಿಗೂ ಹಳಬರು ‘ಧಾತು ಈಶ್ವರದ ಬರ’ ಎನ್ನುತ್ತಾರೆ. 1876ರ ಮುಂಗಾರು, ಹಿಂಗಾರು ಎರಡೂ ಕೆಟ್ಟವು, 1877ರ ಮುಂಗಾರೂ ತಡವರಿಸಿತು. 1871ರ ಜನಗಣತಿಯಲ್ಲಿ ಮೈಸೂರಿನ ಜನಸಂಖ್ಯೆ 50,55,412. ಹತ್ತು ವರ್ಷದ ನಂತರ, 1881ರಲ್ಲಿ, 41,86,188. ಹೆಚ್ಚಬೇಕಿದ್ದ ಜನ ಎಂಟೂವರೆ ಲಕ್ಷಕ್ಕೂ ಹೆಚ್ಚು ಕಡಿಮೆಯಾಗಿದ್ದರು. ಬೆಟ್ಟದ ಮೇಲಿನ ಸಂಘಕ್ಕೂ ಕೆಳಗಿನ ಕ್ಷಾಮಕ್ಕೂ ನೇರ ಸಂಬಂಧವಿತ್ತೆಂದು ನಾನು ಹೇಳುತ್ತಿಲ್ಲ. ಆದರೆ ಒಂದೇ ಆಕಾಶ, ಒಂದೇ ಮಳೆಯಿಲ್ಲದ ವರ್ಷ. ಒಂದು ಕಡೆ ಕಡವೆಗೆ ಯಾವ ತಿಂಗಳಲ್ಲಿ ಗುಂಡು ಹೊಡೆಯಬಾರದೆಂಬ ಚರ್ಚೆ, ಇನ್ನೊಂದು ಕಡೆ ಗಂಜಿಕೇಂದ್ರದ ಸಾಲು.

ಬರಗಾಲದಲ್ಲಿ ಕಾಡು ಬಡವರ ಕಣಜ. ಗೆಡ್ಡೆ, ಸೊಪ್ಪು, ಬಿದಿರಕ್ಕಿ, ಉರುಳಿಗೆ ಸಿಕ್ಕಿದ ಕಾಡುಕುರಿ ಎಲ್ಲವೂ ಆ ಕಣಜದ್ದೇ. ಬೇಟೆಗೆ ಪರವಾನಗಿ ಬೇಕೆಂಬ ಕಾನೂನು ಬಂದ ಮೇಲೆ, ಬಂದೂಕು ಹಿಡಿದು ದೊಡ್ಡ ಕೊಂಬಿನ ಗಂಡನ್ನು ಹೊಡೆಯುವುದು ‘ಕ್ರೀಡೆ’ಯಾಯಿತು. ಉರುಳು ಹಾಕಿ ಕೊಂಬಿಲ್ಲದ್ದನ್ನು ಹಿಡಿದು ತಿನ್ನುವುದು ‘ಕಳ್ಳಬೇಟೆ’ಯಾಯಿತು. ಕಾನೂನಿನ ಋತು ಕೊಂಬಿನ ಋತುವಾಗಿತ್ತು, ಹಸಿವಿನ ಋತುವಾಗಿರಲಿಲ್ಲ. ಕ್ಯಾಲೆಂಡರಿಗೆ ತಿಂಗಳು ಗೊತ್ತು, ಮಳೆ ಬಂತೋ ಇಲ್ಲವೋ ಗೊತ್ತಿಲ್ಲ. ಬರದ ಬೇಸಿಗೆಯಲ್ಲಿ ಪ್ರಾಣಿಗಳೆಲ್ಲ ಉಳಿದ ಒಂದೆರಡು ನೀರಿನ ತಾವಿಗೆ ಬಂದು ಸೇರುತ್ತವೆ. ಎಲೆ ಉದುರಿ, ಹುಲ್ಲು ಸುಟ್ಟು ಕಾಡು ಬೆತ್ತಲಾಗಿರುತ್ತದೆ. ಬೇಟೆಗಾರನಿಗೆ ಇದಕ್ಕಿಂತ ಸುಲಭದ ಕಾಲವಿಲ್ಲ, ಪ್ರಾಣಿಗೆ ಇದಕ್ಕಿಂತ ಕಷ್ಟದ ಕಾಲವಿಲ್ಲ.

ಇನ್ನು ಬೇಟೆಗಾರರು ಕೂಡಿಹಾಕಿದ ರಾಶಿಗೆ ಬರೋಣ. ಲಂಡನ್ನಿನ ರೋಲೆಂಡ್ ವಾರ್ಡ್ ಜಗತ್ತಿನ ದೊಡ್ಡ ಪ್ರಾಣಿಗಳ ಕೊಂಬಿನ ಅಳತೆಗಳ ಪುಸ್ತಕವನ್ನು ಮೊದಲು ಪ್ರಕಟಿಸಿದ್ದು 1892ರಲ್ಲಿ. ಆಮೇಲೆ ಅದರ ಆವೃತ್ತಿಗಳು ಬರುತ್ತಲೇ ಇದ್ದವು. ಕೊಂಬಿನ ಉದ್ದ, ಬುಡದ ಸುತ್ತಳತೆ, ಎರಡು ತುದಿಗಳ ನಡುವಿನ ಅಂತರ ಎಲ್ಲ ಇಂಚುಗಳಲ್ಲಿ. ಜೊತೆಗೆ ಸ್ಥಳ, ಒಡೆಯನ ಹೆಸರು. ಇಂಥ ಪಟ್ಟಿಗಳನ್ನು ನಾನು ಮೊದಲು ನೋಡಿದಾಗ ಕೈಗೆ ನಿಧಿ ಸಿಕ್ಕಿತೆಂದೇ ಭಾವಿಸಿದೆ. ಅಳತೆಗಳನ್ನು ಬರದ ವರ್ಷ, ಸಮೃದ್ಧಿಯ ವರ್ಷ ಎಂದು ಎರಡು ಸಾಲು ಮಾಡಿದರೆ ಧಾತು ಈಶ್ವರದ ಬರ ಕಾಡಿನೊಳಗೆ ಏನು ಮಾಡಿತೆಂದು ಕಾಣಬಹುದಲ್ಲವೇ? ವಾರಗಟ್ಟಲೆ ಕುಳಿತ ಮೇಲೆ ಅರ್ಥವಾದದ್ದಿಷ್ಟು: ಆ ಪುಸ್ತಕದಲ್ಲಿ ಬರಕ್ಕೆ ಜಾಗವೇ ಇಲ್ಲ. ದೊಡ್ಡದಿದ್ದರೆ ಮಾತ್ರ ಅಳೆಯುತ್ತಾರೆ, ಅಳೆದರೆ ಮಾತ್ರ ಬರೆಯುತ್ತಾರೆ. ಬರದಲ್ಲಿ ಬೆಳೆದ ಸಣಕಲು ಕೊಂಬನ್ನು ಹೊತ್ತ ಗಂಡನ್ನು ಕಂಡು ಬೇಟೆಗಾರ ಬಂದೂಕು ಇಳಿಸಿದ್ದಿರಬಹುದು, ಅಥವಾ ಅಡುಗೆಗೆಂದು ಹೊಡೆದು ತಲೆಯನ್ನು ಅಲ್ಲೇ ಬಿಟ್ಟಿರಬಹುದು. ಮಖಮಲ್ಲಿನ ಚರ್ಮವಿರುವ ಎಳೆಗೊಂಬು ಕೊಳೆಯುವ ವಸ್ತು, ಅದನ್ನು ಯಾರೂ ಬಯಸುತ್ತಿರಲಿಲ್ಲ. ಹಾಗಾಗಿ ಕೊಂಬು ಬೆಳೆಯುವ ತಿಂಗಳುಗಳೂ, ಬೆಳೆಯಲಾಗದೆ ನಿಂತ ವರ್ಷಗಳೂ ಎರಡೂ ದಾಖಲೆಯಿಂದ ಹೊರಗುಳಿದವು.

ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಕಾರ್ಖಾನೆ ಇಪ್ಪತ್ತನೆಯ ಶತಮಾನದ ಆರಂಭದಿಂದ 1999ರವರೆಗೆ ಹುಲಿ ಚಿರತೆಗಳ ಚರ್ಮ ಹದಮಾಡಿ, ತಲೆಗಳನ್ನು ಜೀವಂತವೆಂಬಂತೆ ನಿಲ್ಲಿಸಿ ಪ್ರಪಂಚಕ್ಕೆಲ್ಲ ಕಳಿಸಿತು. ಅರಮನೆ, ಕ್ಲಬ್ಬು, ಹಳೆಯ ಬಂಗಲೆಗಳ ಗೋಡೆಯ ಮೇಲೆ ಈಗಲೂ ಕಡವೆಯ ತಲೆಗಳನ್ನು ಕಾಣಬಹುದು. ನಾನು ಇತ್ತೀಚೆಗೆ ಅವುಗಳ ಕೆಳಗೆ ನಿಂತಾಗಲೆಲ್ಲ ಅಂದುಕೊಳ್ಳುವುದುಂಟು: ಇದು ಒಳ್ಳೆಯ ಮಳೆಗಾಲಗಳ ಗೋಡೆ. ಇಲ್ಲಿರುವ ಪ್ರತಿ ತಲೆಯ ಹಿಂದೆ ಒಂದು ತುಂಬಿದ ಕೆರೆಯಿದೆ. ತುಂಬದ ಕೆರೆಗಳು ಯಾವ ಗೋಡೆಯ ಮೇಲೂ ಇಲ್ಲ.

ಚಾಮರಾಜನಗರದ ಆಸುಪಾಸಿನಲ್ಲೇ ಬಹುಕಾಲ ಇದ್ದು, ಮೈಸೂರಿನಲ್ಲಿ ಖೆಡ್ಡಾ ನಡೆಸಿದ ಜಿ. ಪಿ. ಸ್ಯಾಂಡರ್ಸನ್ ತಮ್ಮ ಹದಿಮೂರು ವರ್ಷಗಳ ಕಾಡಿನ ಅನುಭವದ ಪುಸ್ತಕ ಪ್ರಕಟಿಸಿದ್ದು 1878ರಲ್ಲಿ, ಅಂದರೆ ಬರದ ಬೆನ್ನಿಗೇ. ಅದನ್ನು ನಾನು ಮೊದಲು ಕೈಗೆತ್ತಿಕೊಂಡದ್ದು ಬರವನ್ನು ಹುಡುಕಲು. ಓದಿ ಮುಗಿಸಿದಾಗ ಮನಸ್ಸಿನಲ್ಲಿ ನಿಂತದ್ದು ಮಾತ್ರ ಆನೆ, ಕಾಟಿ, ಹುಲಿ. ತಪ್ಪು ಅವರದೆನ್ನಲಾರೆ, ಶಿಕಾರಿಯ ಪುಸ್ತಕವನ್ನು ಯಾರೂ ಕ್ಷಾಮದ ವರದಿಯೆಂದು ಬರೆಯುವುದಿಲ್ಲ. ಆದರೆ ನಮ್ಮ ಸೀಮೆಯ ಆ ಕಾಲದ ಕಾಡಿನ ಬಗ್ಗೆ ಹೆಚ್ಚು ಓದುವುದು ನಾವು ಇಂಥ ಪುಸ್ತಕಗಳನ್ನೇ. ಆಗ ಕಾಡು ಸಮೃದ್ಧವಾಗಿತ್ತು, ಪ್ರಾಣಿಗಳೆಲ್ಲ ಭಾರೀ ಗಾತ್ರದವು ಎಂಬ ನಮ್ಮ ಕಲ್ಪನೆಯಲ್ಲಿ ಒಂದು ಪಾಲು ಆಯ್ಕೆಯ ಫಲ. ಬರದ ಲೆಕ್ಕ ಸಿಗುವುದು ಕಳೆಯುವ ಲೆಕ್ಕದಲ್ಲಿ ಮಾತ್ರ. ಜನಗಣತಿಯಲ್ಲಿ ಸತ್ತವರ ಹೆಸರಿಲ್ಲ, 1871ರಿಂದ 1881ನ್ನು ಕಳೆದರೆ ಉಳಿಯುವ ಸಂಖ್ಯೆಯೇ ಅವರು. ಕಾಡಿನಲ್ಲಿ ಹಾಗೆ ಕಳೆಯಲೂ ಮೊದಲ ಸಂಖ್ಯೆಯಿಲ್ಲ.

ಬರ ಬಂದಾಗ ಬೇಟೆ ನಿಲ್ಲಬೇಕೋ ಹೆಚ್ಚಬೇಕೋ ಎಂಬ ಪ್ರಶ್ನೆಗೆ ಎಲ್ಲ ಕಡೆ ಒಂದೇ ಉತ್ತರವಿಲ್ಲ. ನಮ್ಮ ಚುಕ್ಕೆ ಜಿಂಕೆಗಳೇ ಇದಕ್ಕೆ ಸಾಕ್ಷಿ. 1868ರಲ್ಲಿ ಹವಾಯಿಯ ರಾಜ ಐದನೆಯ ಕಮೆಹಮೆಹನಿಗೆ ಉಡುಗೊರೆಯಾಗಿ ಹೋದ ಕೆಲವು ಜಿಂಕೆಗಳನ್ನು ಮೊಲೊಕಾಯ್ ದ್ವೀಪದಲ್ಲಿ ಬಿಟ್ಟರು. ಹುಲಿಯಿಲ್ಲ, ಸೀಳುನಾಯಿಯಿಲ್ಲ. ಸಂತತಿ ಬೆಳೆಯಿತು, ಮುಂದೆ ಮಾವಿ ದ್ವೀಪಕ್ಕೂ ಹೋಯಿತು. ಬರದಿಂದ ಅಲ್ಲಿ ಜಿಂಕೆಗಳು ಹಸಿವಿನಿಂದ ಸಾಯತೊಡಗಿದಾಗ 2021ರಲ್ಲಿ ಆ ರಾಜ್ಯದ ಗವರ್ನರ್ ತುರ್ತುಪರಿಸ್ಥಿತಿಯನ್ನೇ ಘೋಷಿಸಬೇಕಾಯಿತು. ಅಲ್ಲಿ ಜಿಂಕೆಯ ಸಂಖ್ಯೆ ಇಳಿಸುವುದೇ ಕಾಡನ್ನೂ ಜಿಂಕೆಯನ್ನೂ ಉಳಿಸುವ ದಾರಿ. ಇಲ್ಲಿ ಆ ಕೆಲಸವನ್ನು ಹುಲಿ, ಚಿರತೆ, ಸೀಳುನಾಯಿ ಮಾಡುತ್ತವೆ. ಬರದಲ್ಲಿ ಬಂದೂಕೂ ಸೇರಿದರೆ ಅದು ಮೇಲಿನ ಹೊಡೆತ.

ಇದನ್ನು ನಮ್ಮ ಕಾನೂನು ಒಂದು ಕಾಲಕ್ಕೆ ಅರ್ಥಮಾಡಿಕೊಂಡಿತ್ತು ಎನ್ನುವುದು ನನಗೆ ಖುಷಿ ಕೊಟ್ಟ ಸಂಗತಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮೊದಲಿಗೆ ಬೇಟೆಯನ್ನು ಪೂರ್ತಿ ನಿಲ್ಲಿಸಿರಲಿಲ್ಲ, ಕೆಲವು ಪ್ರಾಣಿಗಳಿಗೆ ಪರವಾನಗಿಯ ಮೇಲೆ ಅವಕಾಶವಿತ್ತು. ಆದರೆ ನೀರು ಕುಡಿಯುವ ತಾಣದಲ್ಲಿ, ಉಪ್ಪುಮಣ್ಣು ನೆಕ್ಕುವ ಜಾಗದಲ್ಲಿ, ಅಲ್ಲಿಗೆ ಹೋಗುವ ಹಾದಿಯಲ್ಲಿ ಕಾದು ಕುಳಿತು ದೊಡ್ಡ ಪ್ರಾಣಿಗಳನ್ನು ಕೊಲ್ಲಬಾರದೆಂದು ಅದು ಹೇಳಿತ್ತು. ತಿಂಗಳಿನ ಲೆಕ್ಕವಲ್ಲ, ಬಾಯಾರಿಕೆಯ ಲೆಕ್ಕ. ನೀರು ಬತ್ತಿದಷ್ಟೂ ಈ ಮಾತಿಗೆ ಬೆಲೆ ಹೆಚ್ಚು. 1991ರ ತಿದ್ದುಪಡಿಯಲ್ಲಿ ಮೋಜಿನ ಬೇಟೆಯೇ ಮುಗಿಯಿತು, ಅದರೊಡನೆ ಈ ನಿಯಮದ ಅಗತ್ಯವೂ.

ಈಗ ಬಂಡೀಪುರದಲ್ಲಿ ಸೌರಶಕ್ತಿಯ ಕೊಳವೆಬಾವಿಗಳು ಕೆರೆಕಟ್ಟೆಗಳಿಗೆ ನೀರು ಹರಿಸುತ್ತವೆ. ಬೇಸಿಗೆಯಲ್ಲಿ ಅದು ದೊಡ್ಡ ಆಸರೆ. ಆದರೆ ನೀರು ಬಾಯಾರಿಕೆಯನ್ನು ತೀರಿಸುತ್ತದೆ, ಕೊಂಬನ್ನು ಕಟ್ಟುವುದು ಮೇವು. ಕಾಡಿನ ಬಹುಭಾಗವನ್ನು ಲಂಟಾನ ಹಬ್ಬಿಕೊಂಡಿದೆ, ಅದರ ಕೆಳಗೆ ಹುಲ್ಲು ಬೆಳೆಯುವುದಿಲ್ಲ. ಮಳೆಯಿಲ್ಲದ ವರ್ಷ ಜಿಂಕೆಗಳ ಹಿಂಡು ನಮ್ಮೂರ ಹುರುಳಿ ಹೊಲಕ್ಕೆ ಬರುತ್ತದೆ. ತಮ್ಮ ರಾತ್ರಿಯೆಲ್ಲ ಟಾರ್ಚ್ ಹಿಡಿದು ಕಾಯುತ್ತಾನೆ. ಅವನಿಗೆ ಜಿಂಕೆಯ ಮೇಲೆ ಸಿಟ್ಟಿದೆ, ‘ಆದ್ರೂ ಪಾಪ ಅವಕ್ಕಾದ್ರೂ ಎಲ್ಲದ ಅಲ್ಲಿ?’ ಎಂದೂ ಅನ್ನುತ್ತಾನೆ.

2024ರ ಬೇಸಿಗೆಯಲ್ಲಿ ಊರಿಗೆ ಹೋಗಿದ್ದಾಗ ಅವನು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. ಹೊಲದ ಬದುವಿನಲ್ಲಿ ನಿಂತ ಗಂಡು ಜಿಂಕೆ. ಪಕ್ಕೆಲುಬು ಎಣಿಸಬಹುದಿತ್ತು. ಕೊಂಬು ಇತ್ತು, ಮೈಗೆ ಹೋಲಿಸಿದರೆ ತೆಳ್ಳಗೆ, ಒಂದು ಕಡೆ ಕವಲು ಮೊಂಡು. ವಯಸ್ಸೋ, ಪೆಟ್ಟೋ, ಬರವೋ, ಒಂದೇ ಚಿತ್ರದಿಂದ ಹೇಳಲಾಗದು. ಅವನು ಅದನ್ನು ಅಳಿಸಲು ಹೊರಟಿದ್ದ, ‘ಚೆನ್ನಾಗೇ ಬಂದಿಲ್ಲ’ ಎಂದು. ನನಗೆ ಕಳಿಸು ಎಂದೆ. ಅದರ ಮೇಲೆ ತಾರೀಖು, ಹೊಲದ ಹೆಸರು, ಆ ವರ್ಷದ ಮಳೆ ಎಷ್ಟೆಂದು ಬರೆದಿಟ್ಟೆ. ಆಮೇಲೆ ಅವನಿಗೂ ಅಭ್ಯಾಸವಾಗಿದೆ, ಒಳ್ಳೆಯ ಕೊಂಬಿನದನ್ನು ಮಾತ್ರವಲ್ಲ, ಕಂಡದ್ದನ್ನೆಲ್ಲ ತೆಗೆದು ಕಳಿಸುತ್ತಾನೆ. ಕಾಡಂಚಿನಲ್ಲಿರುವ ಓದುಗರು ಯಾರಾದರೂ ಇದ್ದರೆ ಅವರಿಗೂ ಇದನ್ನೇ ಹೇಳುತ್ತೇನೆ. ಸಣಕಲು ಕೊಂಬಿನ ಜಿಂಕೆಯ ಚಿತ್ರವನ್ನು ಅಳಿಸಬೇಡಿ, ತಾರೀಖು ಬರೆದಿಡಿ.

ಉದುರಿದ ಕೊಂಬನ್ನು ಮಾತ್ರ ಅಲ್ಲೇ ಬಿಡಬೇಕು. ಕಾನೂನು ಹಾಗೆನ್ನುತ್ತದೆ ಎಂದಷ್ಟೇ ಅಲ್ಲ. ಕಾಡಿನಲ್ಲಿ ಬಿದ್ದ ಕೊಂಬನ್ನು ಮುಳ್ಳುಹಂದಿ, ಇಲಿಗಳು ಕಡಿಯುತ್ತವೆ. ಸುಣ್ಣ, ರಂಜಕದ ಕೊರತೆಯಿರುವ ಜಿಂಕೆಗಳೇ ಬಂದು ಅಗಿಯುವುದೂ ಉಂಟು. ಒಂದು ವರ್ಷದ ಕೊಂಬು ಇನ್ನೊಂದು ವರ್ಷದ ಮೂಳೆಯಾಗುತ್ತದೆ. ತಾತ ಒಂದನ್ನು ಆ ಸುತ್ತಿನಿಂದ ಎತ್ತಿಕೊಂಡಿದ್ದರು, ಗೋಣಿಚೀಲದಲ್ಲಿ ಸುತ್ತಿ ಒಪ್ಪಿಸಿಯೂ ಬಂದರು. ಮೊಳೆ ಇನ್ನೂ ಅಲ್ಲೇ ಇದೆ. ಅದಕ್ಕೆ ತೂಗುಬಿದ್ದಿರುವ ಕ್ಯಾಲೆಂಡರಿನಲ್ಲಿ ಅಮ್ಮ ಮಳೆ ಬಂದ ದಿನಗಳಿಗೆ ಪೆನ್ನಿನಲ್ಲಿ ಸುತ್ತು ಹಾಕುತ್ತಾರೆ. 2023ರ ಆಗಸ್ಟ್ ಪುಟವನ್ನು ನಾನು ಹರಿದು ತಂದಿಟ್ಟುಕೊಂಡಿದ್ದೇನೆ. ಅದರಲ್ಲಿ ಒಂದೇ ಒಂದು ಸುತ್ತಿದೆ.